ಹೊಗೆಯಿಲ್ಲದ ಕಾರು, ಕಣಿವೆಯ ಲೆಕ್ಕ



ವಿದ್ಯುತ್ ಕಾರಿನ ಬಗ್ಗೆ ಮಲೆನಾಡಿನಲ್ಲಿ ಎರಡು ಬಗೆಯ ತಪ್ಪು ಕಲ್ಪನೆಗಳು ಹರಡಿವೆ. ಕೊಳ್ಳಲು ಹಿಂಜರಿಯುವವರದು ಒಂದು, ಕೊಂಡವರದು ಇನ್ನೊಂದು. ಮೊದಲನೆಯದು ಪೆಟ್ರೋಲಿನ ಹೊಗೆಯನ್ನು ಮುಂದುವರಿಸುತ್ತದೆ. ಎರಡನೆಯದರ ಬೆಲೆಯನ್ನು ಕಾಡು, ಕಣಿವೆಗಳು ತೆರಬೇಕಾಗುತ್ತದೆ.

ಈ ಕಾರು ಘಟ್ಟ ಹತ್ತಲಾರದು ಎಂಬುದು ಹಿಂಜರಿಯುವವರ ಮೊದಲ ಮಾತು. ಅದಕ್ಕೊಂದು ಹಿನ್ನೆಲೆಯೂ ಉಂಟು. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ, ಸೀಸ-ಆಮ್ಲದ ಬ್ಯಾಟರಿಯಿಂದ ಸುಮಾರು 80 ಕಿ.ಮೀ. ಓಡುವ ಪುಟ್ಟ ಕಾರು. ಇಂದಿನ ಲಿಥಿಯಂ ಬ್ಯಾಟರಿಯ ಕಾರುಗಳನ್ನು ಅದೇ ಕೋಲಿನಿಂದ ಅಳೆಯುವುದು ಸಲ್ಲದು. ಜನರೂ ಸೇರಿ 1700 ಕಿಲೋ ತೂಗುವ ಕಾರನ್ನು 600 ಮೀಟರ್ ಎತ್ತರಕ್ಕೆ ಏರಿಸುವ ಕೆಲಸಕ್ಕೆ ಬೇಕಾಗುವುದು 3 ಯೂನಿಟ್‌ಗೂ ಕಡಿಮೆ ವಿದ್ಯುತ್. ಮೋಟಾರು ಮತ್ತು ರಸ್ತೆಯ ನಷ್ಟವನ್ನು ಸೇರಿಸಿದರೂ 30 ಯೂನಿಟ್ ಹಿಡಿಸುವ ಬ್ಯಾಟರಿಗೆ ಅದು ಹೊರಲಾರದ ಭಾರವಲ್ಲ. ಇಳಿಯುವಾಗ ಮೋಟಾರೇ ಜನರೇಟರಾಗಿ ಅದರಲ್ಲೊಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಮರಳಿ ಬರುವ ವಿದ್ಯುತ್ತಿಗೆ ಜಾಗವಿರುವುದಿಲ್ಲ. ಘಟ್ಟದ ಮೇಲಿನ ಊರಿನವರು ಇಳಿಯುವ ಮುನ್ನ ಅದನ್ನು ಸ್ವಲ್ಪ ಖಾಲಿ ಬಿಡುವುದು ಜಾಣತನ.

ನಾಲ್ಕೈದು ವರ್ಷಕ್ಕೆ ಬ್ಯಾಟರಿ ಸತ್ತುಹೋಗುತ್ತದೆ ಎಂಬುದು ಇನ್ನೊಂದು ಭಯ. ಬ್ಯಾಟರಿಯ ಶಕ್ತಿ ಒಮ್ಮೆಲೇ ಹೋಗುವುದಿಲ್ಲ, ವರ್ಷಗಳುದ್ದಕ್ಕೂ ನಿಧಾನವಾಗಿ ಕುಗ್ಗುತ್ತದೆ. ಹಲವು ತಯಾರಕರು 8 ವರ್ಷಗಳ ಖಾತರಿ ನೀಡುತ್ತಾರೆ. ಮಳೆಯ ಭಯವೂ ಹಾಗೆಯೇ. ಬ್ಯಾಟರಿ ನೀರು ಹೊಗದಂತೆ ಮುಚ್ಚಿದ ಪೆಟ್ಟಿಗೆಯಲ್ಲಿರುತ್ತದೆ. ಹೆಚ್ಚು ಎಚ್ಚರ ವಹಿಸಬೇಕಾದುದು ಮನೆಯ ಹಳೆಯ ವೈರಿಂಗ್ ಮತ್ತು ಅರ್ಥಿಂಗ್ ಬಗ್ಗೆ.

ಇನ್ನು ಕೊಂಡವರ ಕಲ್ಪನೆ: ಹೊಗೆಯಿಲ್ಲ, ಆದುದರಿಂದ ಹಾನಿಯಿಲ್ಲ. ಭಾರತದ ವಿದ್ಯುತ್ತಿನ ದೊಡ್ಡ ಪಾಲು ಇಂದಿಗೂ ಕಲ್ಲಿದ್ದಲಿನದು. ಸರಾಸರಿ ಪ್ರತಿ ಯೂನಿಟ್‌ಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಯೂನಿಟ್‌ಗೆ 7 ಕಿ.ಮೀ. ಓಡುವ ಕಾರಿಗೆ ಇದು ಕಿಲೋಮೀಟರಿಗೆ 100 ಗ್ರಾಂ. ಲೀಟರಿಗೆ 15 ಕಿ.ಮೀ. ಓಡುವ ಪೆಟ್ರೋಲ್ ಕಾರಿನದು ಸುಮಾರು 150 ಗ್ರಾಂ. ಲಾಭ ನಿಜ, ಆದರೆ ಹಾನಿ ಸೊನ್ನೆಯಲ್ಲ. ಬ್ಯಾಟರಿಯ ತಯಾರಿಕೆಯಲ್ಲೇ ಕಾರು ಇಂಗಾಲದ ಸಾಲವನ್ನು ಹೊತ್ತು ಬರುತ್ತದೆ. ಪೆಟ್ರೋಲ್ ಕಾರಿನ ಬದಲಾಗಿ ಸಾವಿರಾರು ಕಿ.ಮೀ. ಓಡಿದಾಗ ಮಾತ್ರ ಆ ಸಾಲ ತೀರುತ್ತದೆ. ಹಬ್ಬಕ್ಕೊಮ್ಮೆ ಹೊರತೆಗೆಯುವ ಎರಡನೆಯ ಕಾರಾದರೆ ತೀರುವುದೇ ಇಲ್ಲ.

ಯಾವಾಗ ಚಾರ್ಜ್ ಮಾಡಿದರೂ ಒಂದೇ ಎಂಬುದು ಮಲೆನಾಡಿಗೆ ಎಲ್ಲಕ್ಕಿಂತ ದುಬಾರಿಯಾದ ತಪ್ಪು ಕಲ್ಪನೆ. ಪಾವಗಡದ 2050 ಮೆಗಾವಾಟ್ ಸೌರ ಸ್ಥಾವರ ತನ್ನ ಪೂರ್ಣ ಶಕ್ತಿಯನ್ನು ಕೊಡುವುದು ನಡುಹಗಲಿನಲ್ಲಿ. ನಾಡಿನ ಬೇಡಿಕೆ ಏರುವುದು ಸಂಜೆಯಲ್ಲೂ. ಹಗಲಿನ ವಿದ್ಯುತ್ತನ್ನು ಸಂಜೆಗೆ ಉಳಿಸಬೇಕೆಂಬ ವಾದದ ಮೇಲೆಯೇ ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ರೂಪುಗೊಂಡಿದೆ. ಅದರ ಸುರಂಗ, ರಸ್ತೆಗಳಿಗೆ ಸಿಂಗಳೀಕಗಳ ಅಭಯಾರಣ್ಯದ ನೆಲ ಬೇಕು. ಅಲ್ಲದೆ, ಇಂಥ ವ್ಯವಸ್ಥೆಯಲ್ಲಿ ನೀರೆತ್ತಲು 100 ಯೂನಿಟ್ ಬಳಸಿದರೆ ಮರಳಿ ಸಿಗುವುದು 75-80 ಮಾತ್ರ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಗಾಗಿ ಊರು ತೊರೆದವರ ನಾಡು ಇದು. ಬೆಳಕಿಗಾಗಿ ಕೊಟ್ಟದ್ದು ಸಾಲದೆಂದು ಕಾರಿಗಾಗಿಯೂ ಕೊಡಬೇಕೆ?

ಸಂಜೆ ಎಲ್ಲರೂ ಏಕಕಾಲಕ್ಕೆ ಪ್ಲಗ್ ಹಾಕಿದರೆ ಆ ವಾದಕ್ಕೆ ಬಲ ಬರುತ್ತದೆ. ಹಗಲಿನಲ್ಲಿ ಹಾಕಿದರೆ ಅದು ಸಡಿಲವಾಗುತ್ತದೆ. ತೋಟದ ಮನೆಯ ಕಾರು ಬಹುತೇಕ ಮಧ್ಯಾಹ್ನ ಅಂಗಳದಲ್ಲೇ ನಿಂತಿರುತ್ತದೆ. ಆದುದರಿಂದ ಬಸ್ಸಿರುವ ದಾರಿಯಲ್ಲಿ ಬಸ್ಸು, ಕಾರು ಬೇಕೇಬೇಕಾದಲ್ಲಿ ಚಿಕ್ಕ ವಿದ್ಯುತ್ ಕಾರು, ಅದಕ್ಕೆ ಹಗಲಿನ ಚಾರ್ಜು: ಇಷ್ಟನ್ನು ಪಾಲಿಸುವವರ ಕಾರು ಕಣಿವೆಯ ಮೇಲೆ ಹೊಸ ಹೊರೆಯಾಗದು.