ನಕ್ಷೆಯ ಮೊದಲ ಗೂಟ

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಬಟ್ಟೆ ಅಂಗಡಿ ಇಟ್ಟವರಿದ್ದೀರಿ. ಗಜಕಡ್ಡಿಯ ತುದಿ ಸವೆದರೆ ಅಳೆದದ್ದೆಲ್ಲ ತಪ್ಪು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ದೇಶದ ನಕ್ಷೆಗೂ ಅಂಥದೊಂದು ಕಡ್ಡಿ ಇದೆ. ಭೂಮಿ ಎಷ್ಟು ದೊಡ್ಡದು, ಎಷ್ಟು ಚಪ್ಪಟೆ ಎಂದು ಒಂದು ಲೆಕ್ಕ ಹಿಡಿಯಬೇಕು. ಎಲ್ಲಿಂದ ಅಳೆಯುವುದೆಂದು ಒಂದು ಕಡೆ ಗೂಟ ನೆಡಬೇಕು. ಇವೆರಡೂ ಸೇರಿದ್ದಕ್ಕೆ ಮೋಜಣಿಯವರು ಡೇಟಮ್ ಎನ್ನುತ್ತಾರೆ. ನಾವು ಅಳತೆಯ ಬುಡ ಎನ್ನೋಣ.

ನಮ್ಮ ದೇಶದಲ್ಲಿ ಗೂಟ ನೆಟ್ಟವರು ಯಾರು? 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಇಂಗ್ಲಿಷ್ ದಂಡಿನ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹೊರಗೆ ಸರಪಳಿ ಹಾಸಿ ಅಳೆಯತೊಡಗಿದ. ಗೆದ್ದ ಸೀಮೆಯನ್ನು ಆಳಬೇಕಾದರೆ ಅಳೆಯಬೇಕಲ್ಲ! 1802ರಲ್ಲಿ ಮದರಾಸಿನಲ್ಲಿ ಸುಮಾರು ಏಳೂವರೆ ಮೈಲಿಯ ಗೆರೆಯೊಂದನ್ನು ಅಳೆದು, ಅದರ ಮೇಲೆ ತ್ರಿಕೋನಕ್ಕೆ ತ್ರಿಕೋನ ಹೊಂದಿಸುತ್ತ ನಡೆದ. ಕೋನ ನೋಡುವ ಅವನ ಯಂತ್ರದ ತೂಕ ಅರ್ಧ ಟನ್ನು. ಅದನ್ನು ಬೆಟ್ಟಕ್ಕೆ, ಗೋಪುರಕ್ಕೆ ಏರಿಸಿದ ಕೂಲಿಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಲ್ಯಾಂಬ್ಟನ್ 1823ರಲ್ಲಿ ಡೇರೆಯಲ್ಲೇ ಸತ್ತ. ಅವನ ನಂತರ ಬಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಗಾತ್ರ ಲೆಕ್ಕ ಹಾಕಿದ. ಮಧ್ಯಭಾರತದ ಕಲ್ಯಾಣಪುರ ಬುಡವಾಯಿತು. ಹಿಮಾಲಯದ ಶಿಖರದ ಎತ್ತರವನ್ನು ಗುಣಿಸಿದ್ದು ಬಂಗಾಳದ ರಾಧಾನಾಥ ಸಿಕ್ದಾರ್. ಹೆಸರು ಬಿದ್ದದ್ದು ಎವರೆಸ್ಟನದು.

ಬುಡ ತಪ್ಪಿದರೆ ಏನಾಗುತ್ತದೆ ನೋಡಿ. ಮದರಾಸು ವೀಕ್ಷಣಾಲಯದ ರೇಖಾಂಶವನ್ನು ಮೊದಲು ತಪ್ಪಾಗಿ ಹಿಡಿದಿದ್ದರು. ಹಳೆಯ ನಕ್ಷೆಗಳಲ್ಲಿ ಇಡೀ ಭಾರತವೇ ಸುಮಾರು ನಾಲ್ಕು ಕಿಲೋಮೀಟರು ಪೂರ್ವಕ್ಕೆ ಸರಿದು ಕೂತಿತ್ತು! ನಕ್ಷೆಯೊಳಗಿನ ಊರಿಂದೂರಿಗೆ ದೂರ ಮಾತ್ರ ಸರಿಯಾಗಿಯೇ ಇತ್ತು. ಅದಕ್ಕೇ ಯಾರಿಗೂ ತೊಂದರೆ ತಟ್ಟಲಿಲ್ಲ.

ಈಗ ಉಪಗ್ರಹಗಳ ಕಾಲ. ಅವು ಹಿಡಿಯುವ ಭೂಮಿಯ ಲೆಕ್ಕವೇ ಬೇರೆ; ಎವರೆಸ್ಟನ ಭೂಮಿಗಿಂತ ಅದರ ಅರೆವ್ಯಾಸ ಎಂಟುನೂರು ಮೀಟರಿಗೂ ಹೆಚ್ಚು. 2005ರ ನಕ್ಷಾನೀತಿ ಸಾರ್ವಜನಿಕರಿಗೆ ಕೊಡುವ ನಕ್ಷೆಗಳನ್ನು ಈ ಹೊಸ ಬುಡಕ್ಕೆ ತಂದಿತು. ಹಳೆಯ ಅಂಕಿಯನ್ನು ಹೊಸ ನಕ್ಷೆಯ ಮೇಲೆ ಹಾಗೆಯೇ ಗುರುತಿಸಿದರೆ ನಮ್ಮ ಸೀಮೆಯಲ್ಲಿ ನೂರು ಮೀಟರಿಗೂ ಮೀರಿ ತಪ್ಪುತ್ತದೆ. ನೆಲ ಸರಿಯಲಿಲ್ಲ, ಬಾಂದು ಕಲ್ಲೂ ಸರಿಯಲಿಲ್ಲ, ಸರಿದದ್ದು ಅಂಕಿ.

ಇನ್ನು ನಮ್ಮ ಹೊಲಮನೆಯ ಮಾತು. ಹಳ್ಳಿಯ ಮೋಜಣಿ ನಡೆದದ್ದು 33 ಅಡಿಯ ಸರಪಳಿಯಲ್ಲಿ. ಸರಪಳಿಗೆ ಹದಿನಾರು ಆಣೆ, ಸರಪಳಿ ಚೌಕಕ್ಕೆ ಒಂದು ಗುಂಟೆ. ಆ ಹಳ್ಳಿಯ ನಕ್ಷೆ ಆ ಹಳ್ಳಿಗೇ ಆಯಿತು; ಅಕ್ಷಾಂಶ ರೇಖಾಂಶಕ್ಕೆ ಅದನ್ನು ಕಟ್ಟಿರಲಿಲ್ಲ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನು ಹಾರಿಸಿ ಹಳ್ಳಿಯ ಮನೆಗಳನ್ನು ಅಳೆದರು. ಮೊದಲ ಪ್ರಯೋಗಕ್ಕೆ ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಾನು ಇದರ ವಿರೋಧಿಯಲ್ಲ. ಕಾಗದವೇ ಇಲ್ಲದ ಬಡವನ ಮನೆಗೆ ಕಾಗದ ಬರುವುದಾದರೆ ಬರಲಿ. ಆದರೆ ಆಕಾಶದಿಂದ ತೆಗೆದ ಚಿತ್ರಕ್ಕೆ ಸೂರು ಕಾಣುತ್ತದೆ, ಹಿತ್ತಿಲಿನ ಗಡಿಯ ಬಗ್ಗೆ ಅಣ್ಣತಮ್ಮಂದಿರು ಮಾಡಿಕೊಂಡ ಒಪ್ಪಂದ ಕಾಣುವುದಿಲ್ಲ. ಎರಡೂ ಕಡೆಯವರು ನಿಂತು ನೆಟ್ಟ ಕಲ್ಲನ್ನು ಬರಿಯ ಅಂಕಿ ನೋಡಿ ಕೀಳಬಾರದು.

ಊರಿನಿಂದ ಅಳತೆಯ ನೋಟೀಸು ಬಂದರೆ, ಒಂದು ಪಾಳಿಯ ಕೂಲಿ ಹೋದರೂ ಹೋಗಿ ಕಲ್ಲಿನ ಬಳಿ ನಿಲ್ಲಿ. ಪಕ್ಕದವರನ್ನೂ ಕರೆಯಿರಿ. ಸಹಿ ಹಾಕುವ ಮುಂಚೆ, ಈ ಅಂಕಿಯ ಬುಡ ಯಾವುದು, ಹಳೆಯ ಟಿಪ್ಪಣಿಗೆ ತಾಳೆ ನೋಡಿದ್ದೀರಾ ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.