ಪ್ರಾಜೆಕ್ಟ್ ಅಂಗಡಿಯಲ್ಲಿ ಸಿಗುವುದಿಲ್ಲ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಿಜ್ಞಾನ ಮೇಳ ಬಂತೆಂದರೆ ನಮ್ಮ ಮಕ್ಕಳು ಪೇಟೆಯ ಅಂಗಡಿಯಿಂದ ಥರ್ಮೋಕೋಲ್ ಜ್ವಾಲಾಮುಖಿಯನ್ನೋ ಗಾಳಿಯಂತ್ರವನ್ನೋ ತರುತ್ತಾರೆ. ಹಣ ಕೊಟ್ಟವರು ತಂದೆ, ಅಂಟಿಸಿದವನು ಅಂಗಡಿಯವನು, ಬಹುಮಾನ ಮಾತ್ರ ಮಗುವಿಗೆ! ನಾನು ಭಾಷೆ ಕಲಿಸುವ ಶಿಕ್ಷಕ. ವಿಜ್ಞಾನದ ಮೇಷ್ಟ್ರ ಕೆಲಸಕ್ಕೆ ಕೈ ಹಾಕುತ್ತಿದ್ದೇನೆಂದು ಯಾರೂ ತಿಳಿಯಬಾರದು. ಆದರೆ ಒಂದು ವಸ್ತುವನ್ನು ವಿನ್ಯಾಸ ಮಾಡುವುದೂ ಪತ್ರ ಬರೆದ ಹಾಗೆಯೇ. ಯಾರಿಗೆ ಎಂದು ತಿಳಿಯದಿದ್ದರೆ ಮೊದಲ ಸಾಲೇ ಹೊರಡುವುದಿಲ್ಲ.

ಯಾರಿಗೆ ಎಂದು ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಸಂತೆಮರಹಳ್ಳಿ ರೇಷ್ಮೆ ಸೀಮೆಯ ಊರು. ಮಾಂಬಳ್ಳಿ, ಕೊಳ್ಳೇಗಾಲದ ಕಡೆ ನೂಲು ಬಿಚ್ಚುವ ಕುಟುಂಬಗಳಿವೆ. ಇಲ್ಲಿ ಕುಳಿತಿರುವ ಕೆಲವು ಮಕ್ಕಳ ಮನೆಯ ಅನ್ನವೂ ಅದರಿಂದಲೇ. ಚರಕದ ಮುಂದೆ ಕೂರುವವರ ಬೆರಳುಗಳನ್ನು ನೀವು ನೋಡಿದ್ದೀರಿ. ದಿನವಿಡೀ ಬಿಸಿನೀರಿನಲ್ಲಿ ಅದ್ದಿ ಅದ್ದಿ ಚರ್ಮ ಬೆಳ್ಳಗೆ ಮೆತ್ತಗಾಗಿ ಸುಲಿದಿರುತ್ತದೆ. ಇದಕ್ಕಿಂತ ದೊಡ್ಡ ಪ್ರಾಜೆಕ್ಟ್ ಯಾವ ಅಂಗಡಿಯಲ್ಲಿದೆ?

ಹಾಗಾದರೆ ಗ್ಲೌಸ್ ಮಾಡೋಣ ಸಾರ್ ಎಂದು ನೀವು ತಕ್ಷಣ ಹೇಳುತ್ತೀರಿ. ಸ್ವಲ್ಪ ತಾಳಿ. ಮೊದಲು ಅರ್ಧ ದಿನ ಪಕ್ಕದಲ್ಲಿ ಕುಳಿತು ನೋಡಿ. ಗಂಟೆಗೆ ಎಷ್ಟು ಸಲ ಕೈ ನೀರಿಗೆ ಹೋಗುತ್ತದೆ, ಯಾವ ಬೆರಳು ಹೋಗುತ್ತದೆ, ಯಾವುದಕ್ಕಾಗಿ ಹೋಗುತ್ತದೆ ಎಂದು ಬರೆದುಕೊಳ್ಳಿ. ನೀರಿನ ಶಾಖವನ್ನು ಥರ್ಮಾಮೀಟರಿನಲ್ಲಿ ಅಳೆಯಿರಿ, ನಿಮ್ಮ ಕೈ ಹಾಕಬೇಡಿ. ಕೇಳಿದರೆ ಆ ತಾಯಿ "ಏನೂ ಕಷ್ಟ ಇಲ್ಲಪ್ಪ, ಅಭ್ಯಾಸ ಆಗಿದೆ" ಎಂದಾರು. ಅಷ್ಟಕ್ಕೇ ಪುಸ್ತಕ ಮುಚ್ಚಬೇಡಿ. ಬಾಯಿ ಹೇಳದ್ದನ್ನು ಕೈ ಹೇಳುತ್ತದೆ.

ನೋಡಿದ ಮೇಲೆ ನಿಮಗೇ ತಿಳಿಯುತ್ತದೆ. ಗೂಡಿನ ಎಳೆಗಳನ್ನು ಸೆರಿಸಿನ್ ಎಂಬ ಅಂಟು ಹಿಡಿದಿಟ್ಟಿದೆ. ಅದು ಬಿಸಿನೀರಿನಲ್ಲಿ ಮೆದುವಾಗದೆ ಎಳೆ ಬಿಚ್ಚುವುದಿಲ್ಲ. ಆದ್ದರಿಂದ ಬಿಸಿನೀರು ಬಿಟ್ಟರೆ ಕೆಲಸವಿಲ್ಲ. ಎಳೆಯೋ ಕೂದಲಿಗಿಂತ ಸಣ್ಣದು, ಅದರ ತುದಿ ಸಿಗುವುದು ಬೆರಳಿನ ಸ್ಪರ್ಶಕ್ಕೆ. ದಪ್ಪ ಗ್ಲೌಸ್ ಹಾಕಿದರೆ ತುದಿ ಸಿಗದು, ನೂಲು ಕಡಿಮೆ ಬರುತ್ತದೆ, ಆ ದಿನದ ಸಂಪಾದನೆಯೂ ಇಳಿಯುತ್ತದೆ. ಎರಡನೇ ದಿನ ಗ್ಲೌಸ್ ಮೂಲೆ ಸೇರುತ್ತದೆ. ಈಗ ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ: "ಎಳೆಯ ತುದಿ ಸಿಗಬೇಕು, ಕುದಿಯುವ ನೀರು ಚರ್ಮಕ್ಕೆ ತಾಗಬಾರದು, ಕೆಲಸ ನಿಧಾನವಾಗಬಾರದು." ಈ ವಾಕ್ಯದೊಳಗೆ ಯಾವ ವಸ್ತುವಿನ ಹೆಸರೂ ಇಲ್ಲ, ಗಮನಿಸಿ. ವಸ್ತುವಿನ ಹೆಸರು ಮೊದಲೇ ಬಂದರೆ ಯೋಚನೆ ಅಲ್ಲಿಗೇ ನಿಂತುಬಿಡುತ್ತದೆ.

ಆಮೇಲೆ ಉತ್ತರಗಳು. ಒಂದಲ್ಲ, ಹತ್ತು ಬರೆಯಿರಿ, ಹುಚ್ಚುಹುಚ್ಚಾಗಿದ್ದರೂ ಸರಿ. ತುದಿ ಹಿಡಿಯುವ ಬ್ರಷ್, ಗೂಡು ಎತ್ತುವ ಜಾಲರಿ ಸೌಟು, ಎರಡೇ ಬೆರಳಿಗೆ ತೆಳುವಾದ ಟೊಪ್ಪಿ. ಹಿಂದಿನವರು ಏನು ಮಾಡಿದ್ದಾರೆಂದೂ ತಿಳಿಯಿರಿ. ಚರಕದಲ್ಲಿ ಗೂಡು ಬೇಯಿಸುವುದೂ ನೂಲು ತೆಗೆಯುವುದೂ ಒಂದೇ ಪಾತ್ರೆಯಲ್ಲಿ. ಕಾಟೇಜ್ ಬೇಸಿನ್‌ನಲ್ಲಿ ಬೇಯಿಸುವುದು ಬೇರೆ ಕಡೆ, ನೂಲು ತೆಗೆಯುವುದು ಅದಕ್ಕಿಂತ ಕಡಿಮೆ ಬಿಸಿಯ ನೀರಿನಲ್ಲಿ. ಕೈಗೆ ಏನನ್ನೂ ತೊಡಿಸದೆ, ಎರಡು ಕೆಲಸಗಳನ್ನು ಬೇರೆ ಮಾಡಿದ್ದರಿಂದಲೇ ಬೆರಳಿಗೆ ತಾಗುವ ಬಿಸಿ ಇಳಿಯಿತು. ನನಗಂತೂ ಇದು ಬಹಳ ಸುಂದರವಾದ ಯೋಚನೆ ಎನಿಸುತ್ತದೆ. ಆದರೂ ಚರಕ ಬಿಡಲಾಗದ ಬಡವರಿದ್ದಾರೆ. ನಿಮ್ಮ ಕೆಲಸ ಅವರಿಗಾಗಿ.

ದೊಡ್ಡವರೂ ಹೀಗೆಯೇ ನಡೆದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು. ಅದರವರು ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ನೆಲೆ ಮಾಡಿಕೊಂಡು ಹಳ್ಳಿಯ ಬದುಕನ್ನು ಹತ್ತಿರದಿಂದ ನೋಡಿದರು. ಮೂರು ಪಾತ್ರೆ ಒಟ್ಟಿಗೆ ಕೂರುವ, ಹೊಗೆ ಕೊಳವೆಯಿಂದ ಹೊರಹೋಗುವ ಅಸ್ತ್ರ ಒಲೆ ಅಲ್ಲಿಂದ ಬಂತು. ವಿಜ್ಞಾನಿಗಳೇ ಅಡುಗೆಮನೆಯ ಹೊಗೆಗೆ ತಲೆಕೊಟ್ಟರೆಂದ ಮೇಲೆ, ನಮಗೆ ಚರಕದ ಮುಂದೆ ಕೂರಲು ಏನು ಸಂಕೋಚ?

ಮಾದರಿಗೆ ಹೆಚ್ಚು ಖರ್ಚು ಮಾಡಬೇಡಿ. ಹಳೆಯ ಸೌಟು, ಬಿದಿರು ಕಡ್ಡಿ, ಸೈಕಲ್ ಟ್ಯೂಬು ಸಾಕು. ಚೆಂದ ಮಾಡಿದ ವಸ್ತುವನ್ನು ಬದಲಿಸಲು ಮನಸ್ಸು ಬರುವುದಿಲ್ಲ. ಅದನ್ನು ಅದೇ ತಾಯಿಯ ಕೈಗೆ ಕೊಡಿ, ನೀವು ಸುಮ್ಮನಿರಿ. ಎಲ್ಲಿ ಹಿಡಿಯುತ್ತಾರೆ, ಯಾವಾಗ ಪಕ್ಕಕ್ಕಿಟ್ಟು ಬರಿಗೈ ಹಾಕುತ್ತಾರೆ, ಆ ಕ್ಷಣವನ್ನು ಬರೆದುಕೊಳ್ಳಿ. ಬದಲಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಪೋಷಕರಲ್ಲಿ ಒಂದು ವಿನಂತಿ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಅವಾರ್ಡ್ - ಮಾನಕ್ ಯೋಜನೆಯಲ್ಲಿ ಶಾಲೆಯ ಮೂಲಕ ಕಳುಹಿಸಿದ ಯೋಚನೆ ಆಯ್ಕೆಯಾದರೆ, ಮಾದರಿ ಮಾಡಲು ವಿದ್ಯಾರ್ಥಿಗೆ 10,000 ರೂಪಾಯಿ ಸಿಗುತ್ತದೆ. ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇಲ್ಲದಿದ್ದರೆ ಈಗಲೇ ಮಾಡಿಸಿ. ಹೆಣ್ಣುಮಕ್ಕಳ ಖಾತೆಯನ್ನು ಮರೆಯಬೇಡಿ. ಚರಕದ ಕೆಲಸ ಅವರಿಗೆ ಹುಡುಗರಿಗಿಂತ ಚೆನ್ನಾಗಿ ಗೊತ್ತು.

ವಿದ್ಯಾರ್ಥಿಗಳೇ, ಮುಂದಿನ ವಾರ ನನಗೆ ಮಾದರಿ ಬೇಡ. ನೀವು ನೋಡಿ ಬರೆದ ಎರಡು ಪುಟ ತನ್ನಿ. ಕನ್ನಡವಾದರೂ ಸರಿ, ಉರ್ದುವಾದರೂ ಸರಿ, ಎರಡನ್ನೂ ತಿದ್ದುವವನು ನಾನೇ. ಚಿತ್ರ ಬರೆಯಲು ಬಾರದವರು ಅಳತೆಗಳನ್ನು ಬರೆದು ತನ್ನಿ.