ಕಾಡೇ ಪಾಠಶಾಲೆ: ಅರಣ್ಯಗುರು ಶೆಂಕ್ ಅವರ ನೆನಪು
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಇಂದು ನೆನೆಯುತ್ತಿರುವುದು ಮಂತ್ರಿಯನ್ನಲ್ಲ, ಸೇನಾಪತಿಯನ್ನಲ್ಲ, ಒಬ್ಬ ಮೇಷ್ಟರನ್ನು. ಅವರ ಹೆಸರು ಕಾರ್ಲ್ ಆಲ್ವಿನ್ ಶೆಂಕ್. 1868ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಪಟ್ಟಣದಲ್ಲಿ ಹುಟ್ಟಿ, 1955ರಲ್ಲಿ ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ಅದೇ ದೇಶದಲ್ಲಿ ಕಣ್ಣು ಮುಚ್ಚಿದರು. ಅಮೆರಿಕದಲ್ಲಿ ಅರಣ್ಯವಿದ್ಯೆಯ ಮೊದಲ ಶಾಲೆಯನ್ನು ತೆರೆದವರು ಅವರು.

ಅವರಿಗೂ ನಮಗೂ ಏನು ನಂಟು ಎಂದು ನೀವು ಕೇಳಬಹುದು. 1864ರಲ್ಲಿ ಭಾರತದ ಅರಣ್ಯ ಇಲಾಖೆಯ ಮೊದಲ ಇನ್ಸ್‌ಪೆಕ್ಟರ್ ಜನರಲ್ ಆದವರು ಬ್ರಾಂಡಿಸ್ ಎಂಬ ಜರ್ಮನ್ ವಿದ್ವಾಂಸರು. ನಿವೃತ್ತರಾದ ಮೇಲೆ ಅವರು, ಭಾರತದ ಅರಣ್ಯಸೇವೆಗೆ ಬರಲಿದ್ದ ತರುಣರನ್ನು ಯೂರೋಪಿನ ಕಾಡುಗಳಲ್ಲಿ ಸುತ್ತಿಸಿ ಪಾಠ ಹೇಳುತ್ತಿದ್ದರು. ಆ ತಿರುಗಾಟದಲ್ಲಿ ಅವರಿಗೆ ಸಹಾಯಕರಾಗಿದ್ದವರು ತರುಣ ಶೆಂಕ್. ಬ್ರಾಂಡಿಸರ ಶಿಫಾರಸಿನಿಂದಲೇ 1895ರಲ್ಲಿ ಅವರಿಗೆ ಅಮೆರಿಕದ ಕರೆ ಬಂತು.

ಕರೆದವನು ಜಾರ್ಜ್ ವಾಂಡರ್‌ಬಿಲ್ಟ್. ಅಜ್ಜ ಹಡಗು ಮತ್ತು ರೈಲಿನ ವ್ಯವಹಾರದಲ್ಲಿ ಕೂಡಿಟ್ಟ ಹಣದ ವಾರಸುದಾರ. ನಾರ್ತ್ ಕ್ಯಾರೊಲೈನಾದಲ್ಲಿ ಅವನ ಹೆಸರಿಗಿದ್ದ ನೆಲ ಒಂದು ಲಕ್ಷ ಎಕರೆಗೂ ಮಿಕ್ಕಿದ್ದು. ಅದರಲ್ಲಿ ಒಂದು ಭಾಗ ಮರ ಕಡಿದು ಬರಿದಾದ ಗುಡ್ಡ, ಬೆಳೆದು ಬೆಳೆದು ಸಾರ ಕಳೆದುಕೊಂಡ ಹೊಲ. ಅಲ್ಲಿ ಮತ್ತೆ ಕಾಡು ಎಬ್ಬಿಸುವುದು ಶೆಂಕ್ ಅವರ ಕೆಲಸ. ಕೆಲಸ ಕಲಿಯಲು ಬಂದ ಹುಡುಗರ ಪ್ರಶ್ನೆಗಳು ಹೆಚ್ಚಿದಾಗ 1898ರಲ್ಲಿ ಶಾಲೆಯನ್ನೇ ತೆರೆದರು.

ಎಂಥ ಶಾಲೆ ಅದು! ಬೆಳಿಗ್ಗೆ ಪಾಠ, ಮಧ್ಯಾಹ್ನ ಗುರುವಿನ ಹಿಂದೆ ಕುದುರೆಯೇರಿ ಕಾಡಿಗೆ. ಸಸಿ ನೆಡುವುದು, ರಸ್ತೆ ಕಡಿಯುವುದು, ದಿಮ್ಮಿ ಸಾಗಿಸುವುದು, ಗರಗಸದ ಮಿಲ್ಲಿನಲ್ಲಿ ಅದು ಹಲಗೆಯಾಗುವುದು, ಹಲಗೆ ಪೇಟೆಯಲ್ಲಿ ಎಷ್ಟಕ್ಕೆ ಹೋಗುತ್ತದೆಂಬ ಲೆಕ್ಕ, ಎಲ್ಲವೂ ಪಾಠವೇ. ಮಿಲ್ಲಿನ ಕೆಲಸ ಕೀಳು, ಪುಸ್ತಕದ ವಿದ್ಯೆ ಮೇಲು ಎಂಬ ಭೇದಕ್ಕೆ ಅಲ್ಲಿ ಎಡೆಯಿರಲಿಲ್ಲ. ದುಡಿಯುವ ನಾವು ಈ ಗುರುವನ್ನು ಗೌರವಿಸಲು ಇದೊಂದೇ ಕಾರಣ ಸಾಕು.

ಆದರೆ ಅವರ ಒಂದು ನಂಬಿಕೆಯನ್ನು ನಾವು ಒಪ್ಪಲಾರೆವು. ಕಾಡು ಲಾಭ ತಂದರೆ ಖಾಸಗಿ ಒಡೆಯನೇ ಅದನ್ನು ಕಾಪಾಡುತ್ತಾನೆಂದು ಅವರು ವಾದಿಸುತ್ತಿದ್ದರು. ಅವರಿಗಿಂತ ಮೊದಲು ಅದೇ ಎಸ್ಟೇಟಿನಲ್ಲಿದ್ದು, 1905ರಲ್ಲಿ ಅಮೆರಿಕದ ಅರಣ್ಯಸೇವೆಯ ಮುಖ್ಯಸ್ಥರಾದ ಗಿಫರ್ಡ್ ಪಿಂಚೊ, ಕಾಡಿಗೆ ಸರಕಾರವೇ ಕಾವಲಿರಬೇಕೆಂದರು. ಈ ವಾದದಲ್ಲಿ ಇಬ್ಬರ ಸ್ನೇಹವೂ ಕೆಟ್ಟಿತು.

ತೀರ್ಪು ಕೊಟ್ಟದ್ದು ಶೆಂಕ್ ಅವರ ಬದುಕೇ. ವಿರಸ ಬೆಳೆದು 1909ರಲ್ಲಿ ಒಡೆಯ ಅವರನ್ನು ಕೆಲಸದಿಂದ ತೆಗೆದ. ಹದಿನಾಲ್ಕು ವರ್ಷದ ದುಡಿಮೆ ಒಬ್ಬನ ಮರ್ಜಿಗೆ ಮುಗಿಯಿತು! ಗುರು ಮಾತ್ರ ಸೋಲೊಪ್ಪಲಿಲ್ಲ. ನೆಲ ಹೋದರೇನು, ಶಿಷ್ಯರಿದ್ದಾರಲ್ಲ ಎಂದು ಶಾಲೆಯನ್ನೇ ಹೆಗಲ ಮೇಲೆ ಹೊತ್ತು ನ್ಯೂಯಾರ್ಕ್, ಮಿಷಿಗನ್, ಒರೆಗಾನ್, ಜರ್ಮನಿಯ ಕಾಡುಗಳಲ್ಲಿ ನಾಲ್ಕು ವರ್ಷ ಅಲೆದರು. 1913ರಲ್ಲಿ ಶಾಲೆ ಮುಚ್ಚುವ ಹೊತ್ತಿಗೆ ಮುನ್ನೂರಕ್ಕೂ ಹೆಚ್ಚು ಮಂದಿ ಅವರ ಕೈಯಲ್ಲಿ ಕಲಿತಿದ್ದರು.

ಮರುವರ್ಷ, 1914ರಲ್ಲಿ, ವಾಂಡರ್‌ಬಿಲ್ಟ್ ತೀರಿಕೊಂಡ. ಅವನ ಹೆಂಡತಿ ಈಡಿತ್ 86,000 ಎಕರೆಗೂ ಹೆಚ್ಚು ಕಾಡನ್ನು ಎಕರೆಗೆ 5 ಡಾಲರಿನಂತೆ ಸರಕಾರಕ್ಕೆ ಮಾರಿದಳು. 1916ರಲ್ಲಿ ಅದು ಪಿಸ್ಗಾ ರಾಷ್ಟ್ರೀಯ ಅರಣ್ಯವಾಯಿತು. ಶಾಲೆ ನಡೆದ ಜಾಗವನ್ನು ಉಳಿಸಲು 1968ರಲ್ಲಿ ಅಮೆರಿಕದ ಸಂಸತ್ತು ಕಾನೂನನ್ನೇ ಮಾಡಿತು. ಒಡೆತನ ಸಾರ್ವಜನಿಕವಾದ್ದರಿಂದ ಗುರುವಿನ ದುಡಿಮೆ ಉಳಿಯಿತು.

ಹಾಗೆಂದು ಸರಕಾರದ ಬೋರ್ಡು ನೆಟ್ಟ ಮಾತ್ರಕ್ಕೆ ಕಾಡು ಜನರದಾಗುವುದೇ? ಇಲ್ಲ. ನಮ್ಮಲ್ಲೇ ನೋಡಿ: ಹಳ್ಳಿಗರಿಗೆ ಊರಿನ ಕಾಡು ಇರಲೆಂದು ಬ್ರಾಂಡಿಸರು ಹೇಳಿದರೂ 1878ರ ಬ್ರಿಟಿಷ್ ಕಾನೂನು ರೈತರ ಸೌದೆ, ಸೊಪ್ಪು, ಮೇವಿನ ಹಕ್ಕನ್ನು ಕತ್ತರಿಸಿತು. ಒಡೆಯನ ಬದಲು ಇಲಾಖೆ ಬಂದರೆ ಸಾಲದು; ಜನರ ಹಕ್ಕೂ ಜೊತೆಗೆ ಬರಬೇಕು.

ಬಂಧುಗಳೇ, ಒಂದು ಮರ ಬಲಿಯಲು ಎರಡು ಮೂರು ತಲೆಮಾರು ಬೇಕು. ಅಂಥ ಕೆಲಸವನ್ನು ಒಬ್ಬನ ಹಣದ ಚೀಲಕ್ಕೆ ಕಟ್ಟಿಹಾಕಬಾರದೆಂಬುದು ಈ ಬದುಕು ಹೇಳುವ ಪಾಠ. ತಾನು ಆ ಪಾಠವನ್ನು ಒಪ್ಪದಿದ್ದರೂ, ನೆರಳಿಗೆ ತಾನು ನಿಲ್ಲಲಾಗದ ಮರಗಳನ್ನು ನೆಟ್ಟು, ಅವುಗಳನ್ನು ಕಾಯುವ ಕೈಗಳನ್ನೂ ತಯಾರು ಮಾಡಿದ ಆ ಹಿರಿಯ ಮೇಷ್ಟರಿಗೆ ನಮ್ಮೆಲ್ಲರ ವಂದನೆಗಳು.